ಜಾಗ ಬದಲಿನ ನಿಯಮ

ಸಂಘಮಿತ್ರಾಳಿಗೆ ಪ್ರಶ್ನೆಗಳು ಸಿಗುತ್ತಿದ್ದುದು ಬಸ್ಸಿನಲ್ಲಿ. ನಾಗಮಂಗಲದಿಂದ ಪಾಂಡವಪುರಕ್ಕೆ ಬರುವಾಗ ಯಾರಾದರೂ, "ತೊಣ್ಣೂರು ಕೆರೆತಾವ ಓಟ್ಲು ಜಾಸ್ತಿ ಆಗವೆ, ಅಂದ್ರೆ ನೋಡಕ್ ಬರೋ ಜನ ಜಾಸ್ತಿ ಆಗವ್ರೆ" ಅಂದರೆ ಸಾಕು, ಆ ಮಾತು ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮೇಲಿರುತ್ತಿತ್ತು. ಕೆಳಗೆ ದುಂಡನೆಯ ಅಕ್ಷರದಲ್ಲಿ ಆಯ್ಕೆಗಳು. ಯಾವುದು ಈ ವಾದವನ್ನು ಬಲಪಡಿಸುತ್ತದೆ, ಯಾವುದು ದುರ್ಬಲಗೊಳಿಸುತ್ತದೆ?

ಬಸ್ ನಿಲ್ದಾಣದ ಎದುರು, ಗೊಬ್ಬರದಂಗಡಿಯ ಮೇಲಿನ ಕೋಣೆ ಅವಳ ಕೋಚಿಂಗ್ ಕ್ಲಾಸು. ಪಿಡಿಒ, ಬ್ಯಾಂಕು, ಪೊಲೀಸ್ ಪರೀಕ್ಷೆಗಳಿಗೆ ಓದುವವರು ಸುತ್ತಲಿನ ಊರುಗಳಿಂದ ಬರುತ್ತಿದ್ದರು. ತರ್ಕ ಸಂಘಮಿತ್ರಾಳ ಪಾಲು, ಗಣಿತ ಶ್ರೀರಂಗಪಟ್ಟಣದ ಮಹ್ವಿಶಳ ಪಾಲು. ಇಬ್ಬರೂ ಮಂಡ್ಯದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸಂಘಮಿತ್ರಾ ಒಂದು ಕಾಲದಲ್ಲಿ ತಾನೂ ಪರೀಕ್ಷೆ ಬರೆದವಳೇ. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ತಪ್ಪಾಗಿದೆ ಅನ್ನಿಸಿದರೆ ಅದರ ಮೇಲೆಯೇ ಕೂತುಬಿಡುತ್ತಿದ್ದಳು. ಉಳಿದವು ಹಾಗೇ ಉಳಿಯುತ್ತಿದ್ದವು. "ತಪ್ಪು ಪ್ರಶ್ನೇನ ಬಿಟ್ಟು ಮುಂದಕ್ಕೆ ಹೋಗಕ್ಕೆ ನನ್ ಕೈಲಾಗಲ್ಲ ಕಣೇ" ಅನ್ನುತ್ತಿದ್ದಳು. ಬಸ್ ಕಂಡಕ್ಟರ್ ಆಗಿದ್ದ ಅವಳಪ್ಪ, ಬದುಕಿದ್ದಷ್ಟು ದಿನ, ಮಗಳ ಈ ಗುಣವನ್ನು ಊರೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಿದ್ದರು. ಅಂಗನವಾಡಿಯಲ್ಲಿ ಅಡುಗೆ ಮಾಡುವ ತಾಯಿ ಅಣ್ಣಮ್ಮ ಇದೇ ಗುಣಕ್ಕೆ ತಲೆ ಚಚ್ಚಿಕೊಂಡಿದ್ದರು.

ಕ್ಲಾಸಿನಲ್ಲಿ ತಿಮ್ಮರಾಜು ಅಂತ ಒಬ್ಬನಿದ್ದ. ಬೀಡಿ ಸೇದುವವರಲ್ಲಿ ಶ್ವಾಸಕೋಶದ ಕಾಯಿಲೆ ಹೆಚ್ಚು, ಆದ್ದರಿಂದ ಬೀಡಿ ಕೆಟ್ಟದ್ದು ಎಂಬ ವಾದ ಬೋರ್ಡಿನ ಮೇಲಿದ್ದಾಗ ಎದ್ದು ನಿಂತ.

"ಮೇಡಂ, ನಮ್ ತಾತ ದಿನಾ ಒಂದ್ ಕಟ್ಟು ಬೀಡಿ ಸೇದ್ತಿತ್ತು. ಅದುಕ್ಕೇನೂ ಆಗ್ನಿಲ್ಲ. ಕೊನೆಗೆ ತೆಂಗಿನ್ಮರದಿಂದ ಬಿದ್ದು ಸತ್ತೋಯ್ತು."

"ನಿಮ್ ತಾತ ಒಬ್ರಿಂದ ವಾದ ಅಲ್ಲಾಡಲ್ಲ ಕಣಪ್ಪ. 'ಹೆಚ್ಚು' ಅಂತ ಬರ್ದಿದೀನಿ, 'ಎಲ್ಲರಿಗೂ' ಅಂತ ಬರ್ದಿಲ್ಲ."

"ಅಂಗಾರೆ ತೆಂಗಿನ್ಮರ ಏನಾರಾ ಬಲಪಡಿಸ್ತದಾ ಮೇಡಂ?"

ಎಲ್ಲರಿಗಿಂತ ಜೋರಾಗಿ ನಕ್ಕವಳು ಸಂಘಮಿತ್ರಾ. ಆಮೇಲೆ ಹೇಳಿಕೊಟ್ಟಳು: ವಾದ ಎನ್ನುವುದು ಎತ್ತಿನ ಗಾಡಿ ಇದ್ದ ಹಾಗೆ. ದುರ್ಬಲಗೊಳಿಸಿ ಅಂದರೆ ಗಾಡಿಗೆ ಬೆಂಕಿ ಇಡಿ ಅಂತಲ್ಲ. ಕಾರಣಕ್ಕೂ ತೀರ್ಮಾನಕ್ಕೂ ನಡುವೆ, ಬಾಯಲ್ಲಿ ಹೇಳದೆ ನಂಬಿಕೊಂಡ ಒಂದು ಮಾತಿರುತ್ತದೆ. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಅದು. ಅದನ್ನು ಹುಡುಕಿ ಸಡಿಲಿಸಿದರೆ ಸಾಕು.

ಅವಳ ಕ್ಲಾಸಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಕಿಟಕಿಯ ಕಡೆ ಕೂತವರು ವಾದವನ್ನು ಬಲಪಡಿಸಬೇಕು, ಗೋಡೆಯ ಕಡೆ ಕೂತವರು ಸಡಿಲಿಸಬೇಕು. ಮುಗಿದ ಮೇಲೆ ಎಲ್ಲರೂ ಎದ್ದು ಜಾಗ ಬದಲಾಯಿಸಿ, ಈಗಷ್ಟೇ ಎದುರಿಸಿದ ಪಕ್ಷವನ್ನು ಅಷ್ಟೇ ಶ್ರದ್ಧೆಯಿಂದ ಹಿಡಿಯಬೇಕು. 'ನಾನು ಒಪ್ಪಲ್ಲ' ಅನ್ನುವಂತಿಲ್ಲ. ಬೇಕೆಂದೇ ಸಡಿಲವಾಗಿ ವಾದಿಸುವುದನ್ನು ಅವಳು ಕಳ್ಳಾಟ ಅನ್ನುತ್ತಿದ್ದಳು.

ಸಂಘಮಿತ್ರಾಳಿಗೆ ಕ್ಯಾನ್ಸರ್ ಒಮ್ಮೆ ಬಂದು ಹೋಗಿತ್ತು. ಉದುರಿದ ಕೂದಲು ಮತ್ತೆ ಬಂದು, ಜಡೆ ಹಾಕುವಷ್ಟು ಬೆಳೆಯುವ ಹೊತ್ತಿಗೆ ಅದೂ ಮರಳಿ ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ವೈದ್ಯರು ಮಾತಾಡಿದಾಗ ಅವಳ ಪಕ್ಕದಲ್ಲಿದ್ದವಳು ಮಹ್ವಿಶ್. ಇನ್ನೊಂದು ಸುತ್ತು ಔಷಧಿ ಕೊಡೋಣ, ವಾಸಿಯಾಗುತ್ತದೆ ಎನ್ನಲಾರೆ, ಸ್ವಲ್ಪ ಕಾಲ ಸಿಗಬಹುದು ಅಂದರು. ಈ ಸಲದ ಔಷಧಿ ಬೇರೆ, ಹಿಂದಿನಷ್ಟು ಹಿಂಸೆ ಕೊಡದೆ ಇರಬಹುದು ಎಂದೂ ಅಂದರು. ಸಂಘಮಿತ್ರಾ ಕೈಮುಗಿದು ಎದ್ದು ಬಂದಳು. ಬಸ್ಸಿನಲ್ಲಿ ಕೂತ ಮೇಲೆ, "ನಾನಿನ್ನು ಬರಲ್ಲ" ಅಂದಳು.

ಅಣ್ಣಮ್ಮ ಅತ್ತರು, ಬೈದರು, ಉಪವಾಸ ಕೂತರು. ಮಗಳು ಜಗ್ಗಲಿಲ್ಲ. ಒಂದು ಭಾನುವಾರ ಮಹ್ವಿಶ್ ನಾಗಮಂಗಲಕ್ಕೆ ಹೋದಳು. ಹೇಗಾದರೂ ಮಾಡಿ ಅವಳನ್ನು ಮೈಸೂರಿನ ಬಸ್ಸು ಹತ್ತಿಸಬೇಕು. ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಜಗುಲಿಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ. ಅಣ್ಣಮ್ಮ ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಸದ್ದು ಕೇಳುತ್ತಿತ್ತು.

"ಆ ಔಷಧಿಯಿಂದ ಬಹಳ ಜನಕ್ಕೆ ಉಪಯೋಗ ಆಗಿಲ್ಲ ಅಂದ್ರೆ ನಿನಗೂ ಆಗಲ್ಲ ಅಂತಲ್ಲ ಮಿತ್ರಾ. ನೀನೇ ತಿಮ್ಮರಾಜು ತಾತ ಆಗಬಹುದು."

"ತೆಂಗಿನ್ಮರದಿಂದ ಬೀಳ್ತೀನಿ ಅಂತೀಯಾ?"

"ಥೂ, ನಿನ್ ಬಾಯಿಗೆ."

ಹೀಗೇ ನಡೆಯಿತು. ಮಹ್ವಿಶ್ ಮುಂದಿಟ್ಟ ಪ್ರತಿಯೊಂದು ಮಾತಿನ ಕಡಾಣಿಯನ್ನೂ ಸಂಘಮಿತ್ರಾ ಹುಡುಕಿ ಸಡಿಲಿಸಿದಳು. ಕೊನೆಗೆ ಮಹ್ವಿಶಳಿಗೆ ಒಂದು ಹೊಳೆಯಿತು. ಎದುರು ಪಕ್ಷವನ್ನು ತನ್ನ ಬಾಯಿಂದಲೇ ಚೆನ್ನಾಗಿ ವಾದಿಸಿದವರು ಮೊದಲಿನಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ಇದನ್ನು ಅವಳು ಕ್ಲಾಸಿನಲ್ಲಿ ಎಷ್ಟೋ ಸಲ ನೋಡಿದ್ದಳು.

"ಸರಿ, ಏಳು. ಜಾಗ ಬದಲು" ಅಂದಳು.

ಸಂಘಮಿತ್ರಾ ಕುರ್ಚಿಯ ಕೈ ಹಿಡಿದುಕೊಂಡು ಎದ್ದಳು. ಇಬ್ಬರೂ ಜಾಗ ಬದಲಾಯಿಸಿ ಕೂತರು.

"ಔಷಧಿ ತಗೋಬೇಕು," ಸಂಘಮಿತ್ರಾ ಶುರುಮಾಡಿದಳು. "ಸ್ವಲ್ಪ ಕಾಲ ಅಂದ್ರೂ ಅದು ಕಾಲವೇ. ಕಷ್ಟ ನನಗೆ ಮಾತ್ರ, ಕಾಲ ನನ್ನೊಬ್ಬಳಿಗಲ್ಲ. ಅವ್ವ ಒಬ್ಬಳೇ…" ಅಲ್ಲಿಗೆ ನಿಂತಳು. ಗೆದ್ದೆ ಅಂದುಕೊಂಡಳು ಮಹ್ವಿಶ್. ಸಂಘಮಿತ್ರಾ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನಿನ್ ಸರದಿ. ಕಳ್ಳಾಟ ಬೇಡ" ಅಂದಳು.

ಮಹ್ವಿಶಳಿಗೆ ಕೆಟ್ಟದಾಗಿ ವಾದಿಸಲು ಬರುತ್ತಿರಲಿಲ್ಲ.

"ಅವಳನ್ನ ಮೈಸೂರಿಗೆ ಕರ್ಕೊಂಡು ಹೋಗಬಾರದು" ಅಂದಳು. "ಹೋದ ಸಲ ಔಷಧಿ ಕೊಟ್ಟಾಗ ಅವಳು ಉಣ್ಣಲಿಲ್ಲ, ಪಾಠ ಮಾಡಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ಲು. ಈಗ ಕೊಡ್ತೀವಿ ಅಂತಿರೋದು ಅಂಥ ದಿನಗಳನ್ನೇ. ಅಂಥವು ಹೆಚ್ಚಾದ್ರೆ ಅವಳ ಬದುಕು ಹೆಚ್ಚಾಯ್ತು ಅನ್ನೋಕಾಗಲ್ಲ. ಮನೇಲಿದ್ರೆ ಅವಳು ಅವಳಾಗೇ ಇರ್ತಾಳೆ. ನಮ್ಮ ಭಯಕ್ಕೆ ಅವಳನ್ನ ಮಲಗಿಸಬಾರದು."

ಹೇಳುವಾಗಲೇ ಅವಳಿಗೆ ಕಡಾಣಿ ಕಾಣುತ್ತಿತ್ತು: ಈ ಸಲದ ಔಷಧಿ ಬೇರೆ ಅಂದಿದ್ದರಲ್ಲ. ಅದನ್ನು ಎತ್ತಬೇಕಾದವಳು ಎದುರು ಕುರ್ಚಿಯವಳು. ಅವಳು ಎತ್ತಲಿಲ್ಲ.

ಒಳಗೆ ಜರಡಿಯ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ. ಅಣ್ಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮೊಣಕೈವರೆಗೂ ಹಿಟ್ಟು.

"ನೀನೂ ಅಂಗೇ ಅಂತೀಯಾ ಮಗ?"

ಮಹ್ವಿಶ್ ಬಾಯಿ ತೆರೆದಳು. ಇದು ಆಟ ಅಮ್ಮ, ನಮ್ಮ ಕ್ಲಾಸಿನ ಪದ್ಧತಿ, ನಾನು ನಂಬಿ ಆಡಿದ ಮಾತಲ್ಲ ಅನ್ನಬೇಕಿತ್ತು.

"ನೀನು ಓದ್ದೋಳು, ಅವಳ ಜೊತೇಲೇ ಆಸ್ಪತ್ರೇಲಿದ್ದೋಳು. ಕರ್ಕೊಂಡೋಗಕ್ಕೆ ಬಂದಿದೀಯ ಅನ್ಕೊಂಡಿದ್ದೆ. ನೀನೇ ಬ್ಯಾಡ ಅಂದ್ಮೇಲೆ…" ಅಣ್ಣಮ್ಮ ಹೊಸ್ತಿಲ ಮೇಲೆ ಕೂತರು. "ಬುಡು. ಇನ್ಮೇಲೆ ಬಲವಂತ ಮಾಡಕಿಲ್ಲ. ಮನೇಲೇ ಇರ್ಲಿ."

ಮಹ್ವಿಶ್ ಗೆಳತಿಯ ಕಡೆ ತಿರುಗಿದಳು. ಸಂಘಮಿತ್ರಾ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದಳು. ವಾರಗಟ್ಟಲೆ ಬಿಗಿದುಕೊಂಡಿದ್ದ ಹಣೆ ಸಡಿಲವಾಗಿತ್ತು. ಆ ಮುಖ ನೋಡಿದ ಮೇಲೆ ಮಹ್ವಿಶಳ ಬಾಯಲ್ಲಿ ಮಾತು ಹೊರಡಲಿಲ್ಲ.

ಹುಣಸೆ ಹೂ ಬಿಡುವ ಕಾಲದವರೆಗೂ ಸಂಘಮಿತ್ರಾ ಪಾಠ ಮಾಡಿದಳು. ಬಸ್ಸು ಹತ್ತಲಾಗದೆ ಹೋದಾಗ ಹುಡುಗರೇ ನಾಗಮಂಗಲಕ್ಕೆ ಬಂದು ಜಗುಲಿಯ ಮೇಲೆ ಕೂತರು. ಮಲಗಿಕೊಂಡೇ ಬೈದಳು, ಮಲಗಿಕೊಂಡೇ ನಗಿಸಿದಳು. ಒಂದು ಬೆಳಗ್ಗೆ ಅಣ್ಣಮ್ಮ ಕಾಫಿ ತಂದಾಗ ಉಸಿರಿರಲಿಲ್ಲ.

ತಿಥಿಯ ದಿನ ಕೆ.ಆರ್. ಪೇಟೆಯಿಂದ ಸೋದರತ್ತೆ ಸರೋಜಮ್ಮ ಬಂದಿದ್ದರು. ಎಲೆಯ ಮುಂದೆ ಕೂತು, "ಇನ್ನೊಂದ್ಸಲ ಮೈಸೂರಿಗೆ ಕರ್ಕೊಂಡೋಗ್ಬಾರ್ದಾಗಿತ್ತಾ ಅತ್ಗೆ?" ಅಂದರು.

ಅನ್ನ ಬಡಿಸುತ್ತಿದ್ದ ಅಣ್ಣಮ್ಮ, ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು. ಹೋದ ಸಲ ಮಗ ಗೋಡೆ ಕಡೆ ಮಕ ಮಾಡ್ಕಂಡು ಮಲಗಿತ್ತು. ಕೊಡ್ತೀವಿ ಅಂದಿದ್ದು ಅಂತಾ ದಿನಾನೇ. ನಮ್ ಭಯಕ್ಕೆ ಅವಳ್ನ ಮಲಗಿಸ್ಬಾರ್ದು.

"ಈಗೇನೋ ಬ್ಯಾರೆ ಔಸ್ದಿ ಬಂದದಂತಲ್ಲ. ಅಷ್ಟ್ ಸುಸ್ತು ಮಾಡಕಿಲ್ವಂತೆ" ಅಂದರು ಸರೋಜಮ್ಮ.

ಅನ್ನದ ಸೌಟು ಅರ್ಧದಲ್ಲೇ ನಿಂತಿತು. ಅಣ್ಣಮ್ಮ ತಲೆ ಎತ್ತಿ, ನೀರು ಹಾಕುತ್ತಿದ್ದ ಮಹ್ವಿಶಳ ಮುಖ ನೋಡಿದರು.

"ಡಾಕ್ಟರನ್ನ ಕೇಳಿದ್ವಿ ಅತ್ತೆ" ಅಂದಳು ಮಹ್ವಿಶ್. "ಮಿತ್ರಾಗೆ ಅದು ಆಗ್ತಿರಲಿಲ್ಲ."

ಅಣ್ಣಮ್ಮ ತಲೆ ತಗ್ಗಿಸಿ, ಸೌಟಿನಲ್ಲಿದ್ದ ಅನ್ನವನ್ನು ಎಲೆಗೆ ಹಾಕಿದರು. ಮಹ್ವಿಶ್ ಚೊಂಬು ಹಿಡಿದು ಮುಂದಿನ ಎಲೆಗೆ ಹೋದಳು.