ಮಾವ ತಂದುಕೊಟ್ಟ ಮೋಟರು

ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವನು. ಬಲ್ಬು ಹತ್ತಿದರೆ ಕರೆಂಟಿನ ದಾರಿ ಸರಿಯಿದೆ, ಹತ್ತದಿದ್ದರೆ ಎಲ್ಲೋ ತುಂಡಾಗಿದೆ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಯಲ್ಲಿ ಹೇಳಿಸಿ ಹೇಳಿಸಿ ನಾನೂ ಅದನ್ನೇ ನಂಬಿಕೊಂಡಿದ್ದೆ. ಆ ನಂಬಿಕೆಯಿಂದ ಒಬ್ಬ ಒಳ್ಳೆಯ ಮನುಷ್ಯನ ಮರ್ಯಾದೆ ಕಳೆದೆ.

ತೊಂಬತ್ತರ ದಶಕದ ನಡುವಿನ ಮಾತು. ಹೆಂಡತಿ ಬಾಣಂತನ ಮುಗಿಸಿ ಕೆ.ಆರ್. ಪೇಟೆ ಕಡೆಯ ತವರಿನಿಂದ ಹೊರಟಾಗ ಮಾವ ತಮ್ಮ ಬಿಳಿ ಕಾರನ್ನು ನಮಗೇ ಕೊಟ್ಟುಬಿಟ್ಟರು. ಕೂಸನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಓಡಾಡಬೇಡಿ ಎಂಬುದಷ್ಟೇ ಅವರ ಕಾರಣ. ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುತ್ತಿದ್ದ ರೈತರು ಅವರು. ಆ ಕಾರನ್ನು ಎತ್ತಿನ ಹಾಗೆ ಮೈ ತೊಳೆದು ಸಾಕಿದ್ದರು.

ನನಗೆ ಅದರ ಹಾರ್ನು ಸಾಲಲಿಲ್ಲ. ಜೋರಾದದ್ದೊಂದು ತಂದು ನಾನೇ ಕೂರಿಸಿದೆ. ರೇಡಿಯೇಟರಿನ ಪಕ್ಕದ ತಗಡಿಗೆ ತುಕ್ಕು ಹಿಡಿದಿತ್ತು. ಫ್ಯಾನಿನ ಕರೆಂಟು ಕಾರಿನ ಮೈ ಮೂಲಕ ಬ್ಯಾಟರಿಗೆ ವಾಪಸಾಗಲು ಅಲ್ಲಿದ್ದ ಅರ್ತ್ ಬೋಲ್ಟನ್ನು ಬಿಚ್ಚಿ, ಕಪ್ಪು ಪೇಂಟು ಬಳಿದು, ಒಣಗಿದ ಮೇಲೆ ಹಾರ್ನಿನ ವೈರನ್ನೂ ಅದೇ ಬೋಲ್ಟಿಗೆ ಸೇರಿಸಿ ಬಿಗಿದೆ. ಹಾರ್ನು ಕೆಮ್ಮಿದಂತೆ ಕೂಗಿತು. ಅದರ ದನಿಯೇ ಹಾಗಿರಬೇಕು ಅಂದುಕೊಂಡೆ.

ಬೇಸಿಗೆ ಶುರುವಾಗಿ ಯುಗಾದಿಗೆ ಇನ್ನೊಂದು ತಿಂಗಳಿರುವಾಗ ನಾಗಮಂಗಲದಲ್ಲಿ ನೆಂಟರ ಮದುವೆ. ಛತ್ರದ ಮುಂದೆ ಬಸ್ಸು, ಟ್ರಾಕ್ಟರು ಅಡ್ಡ ನಿಂತು ಕಾಲು ಗಂಟೆ ಕಾರು ಅಲುಗಲಿಲ್ಲ. ಓಡುವಾಗ ಎದುರುಗಾಳಿಗೆ ತಣ್ಣಗಿರುತ್ತಿದ್ದ ರೇಡಿಯೇಟರು ನಿಂತಲ್ಲೇ ಕುದಿಯಿತು. ಬಾನೆಟ್ ಎತ್ತಿದರೆ, ಕಾದ ಕೂಡಲೇ ತಿರುಗಬೇಕಾದ ಫ್ಯಾನು ಸುಮ್ಮನಿತ್ತು. ಡಿಕ್ಕಿಯಲ್ಲಿದ್ದ ಬಲ್ಬು ತೆಗೆದು, ಫ್ಯಾನಿಗೆ ಬರುವ ಎರಡೂ ವೈರು ಕಳಚಿ, ಅದಕ್ಕೆ ಮುಟ್ಟಿಸಿದೆ. ಬಲ್ಬು ಚೆನ್ನಾಗಿಯೇ ಹತ್ತಿತು. ಕರೆಂಟು ಬರುತ್ತಿದೆ, ಫ್ಯಾನು ತಿರುಗುತ್ತಿಲ್ಲ, ಅಂದಮೇಲೆ ಮೋಟರು ಸತ್ತಿದೆ ಎಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಮಾವ ಛತ್ರದಿಂದ ಬಂದರು, ಹಿಂದೆಯೇ ಹತ್ತಾರು ನೆಂಟರು.

“ನಮ್ತಾವಿದ್ದಾಗ ಚೆಂದಾಗಿ ತಿರುಗ್ತಿತ್ತು ಕನ್ರಪ್ಪ. ಬಾಬುರಾಯನಕೊಪ್ಪಲಲ್ಲಿ ನಮ್ ಸಾಬ್ರು ಅವ್ರೆ, ವೈರಿಂಗ್ ಕೆಲ್ಸ ಮಾಡೋರು. ಒಂದ್ಸಲ ತೋರ್ಸ್ಬುಡಿ,” ಅಂದರು.

“ಕರೆಂಟಿನ ಪಾಠ ನಂಗೇಳ್ಬ್ಯಾಡಿ ಮಾವ. ಕೆಟ್ಟೋಗಿದ್ ಕಾರ್ನ ನಮ್ ತಲೆಗೆ ಕಟ್ಬುಟ್ರಿ,” ಅಂದೆ.

ಅವರು ಮಗಳ ಮುಖ ನೋಡಿದರು. ಅವಳು ಕೂಸಿನ ಕುಲಾವಿ ಸರಿಮಾಡುತ್ತಾ ತಲೆ ತಗ್ಗಿಸಿದಳು.

ಮುಂದಿನ ವಾರ ಮಾವ ಬಸ್ಸಿನಲ್ಲಿ ಬಂದರು. ಮೈಸೂರಿಗೆ ಹೋಗಿ ತಂದ ಹೊಸ ಮೋಟರನ್ನು ಪೇಪರಿನಲ್ಲಿ ಸುತ್ತಿದ್ದರು. ಅದನ್ನು ಜಗಲಿಯ ಮೇಲಿಟ್ಟರು. ಹೊಸ್ತಿಲು ದಾಟಲಿಲ್ಲ.

“ಮಜ್ಗೆನಾದ್ರೂ ಕುಡ್ಕಂಡೋಗಪ್ಪ,” ಅಂದಳು ಹೆಂಡತಿ.

“ಬಸ್ಸೋಯ್ತದೆ ಕನವ್ವ,” ಅಂದು ನಡೆದರು.

ಮೋಟರು ಹಾಕಿಸಲು ಕೊನೆಗೆ ಅದೇ ಬಾಬುರಾಯನಕೊಪ್ಪಲಿನ ಸಾಬರ ಹತ್ತಿರವೇ ಹೋದೆ. ಹೊಸದನ್ನು ಹಾಕಿ ಇಂಜಿನ್ ಕಾಯಿಸಿದರೆ ಅದೂ ತಿರುಗಲಿಲ್ಲ. ಸಾಬರು ದಪ್ಪ ವೈರೊಂದನ್ನು ತಂದು, ಮೋಟರಿನ ಅರ್ತಿನಿಂದ ನೇರ ಬ್ಯಾಟರಿಗೆ ಮುಟ್ಟಿಸಿದರು. ಫ್ಯಾನು ಬರ್ರೆಂದು ತಿರುಗಿತು. ಬಿಚ್ಚಿಟ್ಟಿದ್ದ ಹಳೆಯದನ್ನೂ ಬ್ಯಾಟರಿಗೆ ಹಿಡಿದರು. ಅದೂ ತಿರುಗಿತು.

ಆಮೇಲೆ ನನ್ನ ಬೋಲ್ಟನ್ನು ಬಿಚ್ಚಿ ನೋಡಿದರು.

“ಅರೇ, ಪೇಂಟ್ ಮ್ಯಾಲೆ ಅರ್ತ್ ಕೊಟ್ಟವ್ರಲ್ಲ, ಯಾರ್ ಸಾರ್ ಕೈ ಹಾಕಿದ್ದು?”

“ಬಲ್ಬು ಹತ್ತಿತ್ತಲ್ಲ,” ಅಂದೆ ನಾನು.

“ಪೇಂಟ್ ಅಡ್ಡ ಇದ್ರೆ ವಸಿ ಕರೆಂಟೇ ಹೋಗೋದು. ಬಲ್ಬಿಗೆ ಒಂದ್ ಲೋಟ ನೀರು ಸಾಕು ಮೇಷ್ಟ್ರೇ. ಮೋಟ್ರಿಗೆ ಕೊಡ ಬೇಕು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ಡೊಂಕು ಮಾಡಿದವನೂ ಹೌದು. ಸಾಬರು ತಗಡು ಉಜ್ಜಿ, ವೈರು ಬಿಗಿದು, “ಹಳೇದ್ನೇ ಹಾಕ್ತೀನಿ, ಹೊಸದ್ನ ವಾಪಸ್ ಕೊಟ್ಬುಡಿ” ಅಂದರು. ಬೇಡ, ಹೊಸದೇ ಇರಲಿ ಅಂದೆ. ಹಳೆಯದನ್ನು ಹಾಕಿಸಿದರೆ ಮನೆಯಲ್ಲಿ ಕಾರಣ ಹೇಳಬೇಕಾಗುತ್ತಿತ್ತು.

ಯುಗಾದಿಯ ಮಾರನೇ ದಿನ ಮಾವನ ಮನೆಗೆ ಹೋದೆವು. ಊಟಕ್ಕೆ ಕೂತಾಗ ಕೇಳಿದರು:

“ಈಗ ತಿರುಗ್ತದಾ?”

“ತಿರುಗ್ತದೆ ಮಾವ.”

“ಅಂಗಾರೆ ಮೋಟ್ರೇ ಹೋಗಿತ್ತು ಬುಡಿ.” ಮಗಳ ಕಡೆ ತಿರುಗಿದರು. “ನಂಗೊತ್ತಾಗ್ನಿಲ್ಲ ಕನವ್ವ. ತಿಳೀದೆ ಕೊಟ್ಬುಟ್ಟೆ.”

ನನ್ನ ಬಾಯಲ್ಲಿ ತುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ಸುಮ್ಮನಿದ್ದೆ. ತುತ್ತು ಇಳಿದ ಮೇಲೂ ಹೇಳಲಿಲ್ಲ. ಆಮೇಲೆ ಅವರು ಬದುಕಿದ್ದಷ್ಟು ವರ್ಷವೂ ಹೇಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಆ ಹಳೇ ಮೋಟರು ನಮ್ಮ ಮನೆಯ ಅಟ್ಟದ ಮೇಲಿದೆ, ಮಾವ ತಂದಿದ್ದ ಪೇಪರಿನಲ್ಲೇ ಸುತ್ತಿದೆ. ಮನೆ ಗುಡಿಸುವಾಗೆಲ್ಲ ಹೆಂಡತಿಯ ಕೈಗೆ ಸಿಗುತ್ತದೆ.

“ಅಪ್ಪ ಕೊಟ್ಟಿದ್ ಕೆಟ್ಟೋದ್ ಮೋಟ್ರು. ಗುಜ್ರಿಗ್ ಹಾಕ್ಬಾರ್ದಾ?” ಅನ್ನುತ್ತಾಳೆ.

ನಾನು ಅದನ್ನು ಅವಳ ಕೈಯಿಂದ ಇಸಿದುಕೊಂಡು ಮತ್ತೆ ಅಟ್ಟದ ಮೇಲಿಡುತ್ತೇನೆ. ಅದು ಕೆಟ್ಟಿಲ್ಲ ಎಂಬ ಒಂದು ಮಾತು ಇವತ್ತಿಗೂ ನನ್ನ ಬಾಯಿಂದ ಹೊರಟಿಲ್ಲ.