ಉನೈಜಾ ದಾರಿಯಲ್ಲಿ ಕಳಚಿದ ಚೈನು

ಅರಬ್ ಮರುಭೂಮಿಯ ಉನೈಜಾ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಚಹಾದಂಗಡಿಯೊಂದರ ಮುಂದೆ ನಮ್ಮ ಟಯರು ಪಂಕ್ಚರಾಯಿತು. ಕಾರು ನನ್ನದು, ಓಡಿಸುತ್ತಿದ್ದವಳೂ ನಾನೇ. ಆದರೂ ಜಾಕ್ ಹಿಡಿದು ಇಳಿದವರು ಜೊತೆಗಿದ್ದ ಸಹೋದ್ಯೋಗಿ, ಪುತ್ತೂರಿನ ಹಮೀದ್. "ನೀವು ನೆರಳಲ್ಲಿ ಕೂತುಕೊಳ್ಳಿ ಅಕ್ಕ," ಎಂದರು. ಕೂತೆ.

ಪಕ್ಕದಲ್ಲೇ ಮರುಭೂಮಿ ರ‍್ಯಾಲಿಯ ಬೈಕೊಂದು ಕೆಟ್ಟು ನಿಂತಿತ್ತು. ಅದನ್ನು ಓಡಿಸಿಕೊಂಡು ಬಂದಿದ್ದ ನಡುವಯಸ್ಸಿನ ವಿದೇಶಿ ಹೆಂಗಸು ಮೊಣಕಾಲೂರಿ, ಕಳಚಿದ ಚೈನು ಕೂರಿಸುತ್ತಿದ್ದಳು. ಬೈಕು ವಾಲಿತು. ಹಮೀದ್ ಹಿಡಿಯಲು ಓಡಿದರು.

"ಮುಟ್ಟಬೇಡಿ!" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಅವಳ ವಿಭಾಗದಲ್ಲಿ ಹೊರಗಿನವರು ರಿಪೇರಿಗೆ ಕೈ ಹಾಕಿದರೆ ಸ್ಪರ್ಧೆಯಿಂದಲೇ ಹೊರಗಂತೆ. "ಈ ರೇಸು ಆಫ್ರಿಕಾದಲ್ಲಿ ನಡೆಯುತ್ತಿದ್ದ ಕಾಲದಿಂದಲೂ ತಮ್ಮ ಬೈಕು ತಾವೇ ರಿಪೇರಿ ಮಾಡಿಕೊಳ್ಳುವ ನಮ್ಮಂಥವರು ಇದ್ದೇವೆ. ಮೆಕ್ಯಾನಿಕ್ಕುಗಳನ್ನು ಕಟ್ಟಿಕೊಂಡು ಬರುವವರು ಬರಲಿ, ನನಗೆ ಬೇಡ," ಎಂದಳು. ಅಷ್ಟರಲ್ಲಿ ಬಿದ್ದೇಬಿಟ್ಟಿದ್ದ ಬೈಕು ಎತ್ತುವಾಗ ಮತ್ತೆ ಜಾರಿತು. ಬೈದುಕೊಂಡು ಅವಳೇ ಎತ್ತಿದಳು, ಚೈನು ಕೂರಿಸಿದಳು, ಧೂಳೆಬ್ಬಿಸಿ ಹೋದಳು.

"ಎಂತ ಹಠ ಮಾರಾಯ್ರೆ ಇವರದ್ದು!" ಎನ್ನುತ್ತ ಹಮೀದ್ ನಮ್ಮ ಚಕ್ರದ ನಟ್ಟಿಗೆ ಸ್ಪ್ಯಾನರ್ ಇಟ್ಟರು.

"ಮುಟ್ಟಬೇಡಿ ಹಮೀದ್," ಎಂದು ಸ್ಪ್ಯಾನರ್ ಕಸಿದುಕೊಂಡೆ.

ಇದನ್ನು ಬರೆಯುವ ಹೊತ್ತಿಗೆ ಒಂದು ನಟ್ಟು ಬಿಚ್ಚಿದ್ದೇನೆ. ಹಮೀದ್ ನೆರಳಲ್ಲಿ ಕೂತಿದ್ದಾರೆ.