ಉಮ್ಸುನಾಯ್ ಊದಿದ ಸೀಟಿ

ನರಿನ್ ಊರಿನ ಶಾಲೆಯಲ್ಲಿ ಉಮ್ಸುನಾಯ್ ವ್ಯಾಯಾಮದ ಮೇಡಂ. ಬೇಸಿಗೆ ಬಂತೆಂದರೆ ಸುತ್ತಿನ ಹಳ್ಳಿಗಳ ಫುಟ್ಬಾಲ್ ಪಂದ್ಯಗಳಿಗೆಲ್ಲ ಅವಳೇ ರೆಫರಿ. ಯಾವ ತಂಡದವರು ಕರೆದರೂ ಅವರ ಮನೆಯಲ್ಲಿ ಒಂದು ಬಟ್ಟಲು ಚಹಾ ಕೂಡ ಕುಡಿಯುತ್ತಿರಲಿಲ್ಲ. ಆಟಕ್ಕೆ ಮೊದಲು ಕುಡಿದರೆ ಒಂದು ಮಾತು, ಆಟದ ನಂತರ ಕುಡಿದರೆ ಇನ್ನೊಂದು ಮಾತು. ಅದರ ಗೊಡವೆಯೇ ಬೇಡವೆಂದು ಬ್ರೆಡ್ಡು, ಒಣಮೊಸರಿನ ಉಂಡೆ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು.

ಒಂದು ಕಾಲಕ್ಕೆ ಅವಳಿಗೂ ಮದುವೆಯಾಗಿತ್ತು. ಕೊಚ್ಕೋರ್ ಊರಿನ ಆ ಮನೆಯವರು ಕೆಟ್ಟವರೇನಲ್ಲ. ಆದರೆ ಅವಳು ಮೊದಲ ಸಲ ಗಂಡಸರ ಪಂದ್ಯದಲ್ಲಿ ಸೀಟಿ ಊದಿ ಬಂದ ದಿನ ಮಾವ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಮುಂದಿನಿಂದ ಎದ್ದುಬಿಟ್ಟಿದ್ದ. "ಚಡ್ಡಿ ಹಾಕ್ಕೊಂಡು ಗಂಡಸ್ರ ಹಿಂದೆ ಓಡೋ ಸೊಸೆ ನಮ್ಮನೆಗೆ ಬೇಡಪ್ಪ," ಎಂದಿದ್ದ. ಗಂಡ ತಲೆ ತಗ್ಗಿಸಿ ಕೂತಿದ್ದ, ಅಷ್ಟೇ. ಅವಳು ಪೆಟ್ಟಿಗೆ ಹಿಡಿದು ತವರಿಗೆ ಬಂದಳು. ಅಮ್ಮ ಏನನ್ನೂ ಕೇಳಲಿಲ್ಲ. ಆಟದ ತಲೆಬುಡ ತಿಳಿಯದ ಆ ಅಮ್ಮ ಮಗಳು ಪಂದ್ಯ ಮುಗಿಸಿ ಬಂದಾಗಲೆಲ್ಲ, "ಯಾರಾದ್ರೂ ಬಿದ್ರೇನೇ? ಪೆಟ್ಟಾಯ್ತಾ?" ಎಂದು ಮಾತ್ರ ಕೇಳುತ್ತಿದ್ದಳು. ಎರಡು ವರ್ಷದ ಹಿಂದಿನ ವಸಂತದಲ್ಲಿ ಅಮ್ಮ ತೀರಿಕೊಂಡಳು. ಅಲ್ಲಿಂದೀಚೆಗೆ ಯಾರು ಬಿದ್ದರೆಂದು ಕೇಳುವವರಿರಲಿಲ್ಲ.

ಪಕ್ಕದ ಮನೆಯ ಬೂಬುಸಾರಾ ಅಜ್ಜಿಯ ಮೊಮ್ಮಗಳು ಅಕ್ಮಾರಲ್. ಚಿಕ್ಕಂದಿನಿಂದ ಉಮ್ಸುನಾಯ್‌ಳ ಮಣ್ಣಿನ ಗೋಡೆಗೇ ಚೆಂಡು ಒದ್ದು ಒದ್ದು ಬೆಳೆದವಳು. ಎಡಗಾಲಿನಲ್ಲಿ ಒದೆಯುವುದನ್ನು ಅವಳಿಗೆ ಕಲಿಸಿದ್ದೂ ಉಮ್ಸುನಾಯ್‌ಳೇ. ಏಷ್ಯಾ ಮಟ್ಟದ ಕಿರಿಯ ಹುಡುಗಿಯರ ಪಂದ್ಯಾವಳಿಗೆ ಅರ್ಹತಾ ಸುತ್ತು ರಾಜಧಾನಿ ಬಿಷ್ಕೆಕ್‌ನಲ್ಲಿ ನಡೆಯುವುದೆಂದು ಗೊತ್ತಾಗಿ, ದೇಶದ ತಂಡಕ್ಕೆ ಅಕ್ಮಾರಲ್ ಆಯ್ಕೆಯಾದಾಗ ಇಡೀ ಬೀದಿ ಕುರಿ ಕಡಿದು ಉಂಡಿತು. ಅದೇ ಸುತ್ತಿಗೆ ಉಮ್ಸುನಾಯ್‌ಳಿಗೂ ಕರೆ ಬಂತು. ಮೈದಾನದ ಅಂಚಿನಲ್ಲಿ ನಿಂತು ಬದಲಿ ಆಟಗಾರರನ್ನು ನೋಡಿಕೊಳ್ಳುವ ನಾಲ್ಕನೆಯ ರೆಫರಿಯ ಕೆಲಸ.

"ನಮ್ಮ ಹುಡುಗೀನ ಅಲ್ಲಿ ಸ್ವಲ್ಪ ನೋಡ್ಕೋ ಮಗಳೇ," ಎಂದಳು ಬೂಬುಸಾರಾ.

"ಅಪಾ, ಅಲ್ಲಿ ನಾನು ಅವಳನ್ನ ಮಾತಾಡ್ಸೋ ಹಾಗಿಲ್ಲ," ಎಂದಳು ಉಮ್ಸುನಾಯ್, ತಾಯಿಯನ್ನು ಕರೆಯುವಂತೆ ಕರೆದು.

"ಅಯ್ಯೋ, ಅದೆಂಥಾ ಕೆಲ್ಸಾನೇ ನಿಂದು! ಪಕ್ಕದ್ಮನೆ ಮಗೂನೂ ಮಾತಾಡ್ಸಬಾರ್ದಾ?"

ಬಿಷ್ಕೆಕ್‌ನಲ್ಲಿ ರೆಫರಿಗಳಿಗೆ ಬೇರೆ ಹೋಟೆಲು, ಬೇರೆ ಊಟ. ಒಮ್ಮೆ ಮಾತ್ರ ಕ್ರೀಡಾಂಗಣದ ಓಣಿಯಲ್ಲಿ ಅಕ್ಮಾರಲ್ ಎದುರಾಗಿ, "ಎಜೆ!" ಎಂದು ಕೂಗುತ್ತಾ ಅಕ್ಕನನ್ನು ಕಂಡ ತಂಗಿಯ ಹಾಗೆ ಓಡಿ ಬಂದಳು. ಉಮ್ಸುನಾಯ್ ಅಪರಿಚಿತಳಿಗೆ ತಲೆಯಾಡಿಸುವಂತೆ ಆಡಿಸಿ ಮುಂದೆ ನಡೆದಳು. ಬೆನ್ನ ಹಿಂದೆ ಹುಡುಗಿಯ ಹೆಜ್ಜೆ ನಿಂತದ್ದು ಕೇಳಿಸಿತು.

ಗುಂಪಿನಲ್ಲಿ ಮೂರೇ ತಂಡ. ನಮ್ಮ ಹುಡುಗಿಯರು ಮಂಗೋಲಿಯಾವನ್ನು ಒಂದೇ ಗೋಲಿನಿಂದ ಸೋಲಿಸಿ, ತಾಜಿಕ್ ಹುಡುಗಿಯರ ಜೊತೆ ಸಮ ಮಾಡಿಕೊಂಡು ತಮ್ಮ ಆಟ ಮುಗಿಸಿದ್ದರು. ಉಳಿದದ್ದು ತಾಜಿಕ್–ಮಂಗೋಲಿಯಾ ಪಂದ್ಯ. ಅದನ್ನು ತಾಜಿಕರು ಎರಡು ಗೋಲಿನ ಅಂತರದಿಂದ ಗೆದ್ದರೆ ಅವರು ಮುಂದಕ್ಕೆ, ಇಲ್ಲವಾದರೆ ನಮ್ಮವರು. ಅದಕ್ಕೇ ನಮ್ಮ ಜನ ಕ್ರೀಡಾಂಗಣ ತುಂಬಿಸಿ ಮಂಗೋಲಿಯಾಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಗೋಲಿನ ಹಿಂದಿನ ಸಾಲಿನಲ್ಲಿ ನಮ್ಮ ತಂಡವೇ ಕೂತಿತ್ತು.

ತಾಜಿಕರು ಮೊದಲರ್ಧದಲ್ಲೇ ಒಂದು ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ವಿಯೆಟ್ನಾಮಿನ ರೆಫರಿ ಓಡುತ್ತಿದ್ದವಳು ಮೀನಖಂಡ ಹಿಡಿದು ಕುಸಿದಳು. ನಿಯಮದಂತೆ ನಾಲ್ಕನೆಯವಳು ಒಳಗೆ ಹೋಗಬೇಕು. ಉಮ್ಸುನಾಯ್ ಹೋದಳು. ಹೆಸರು ಕೂಗಿದಾಗ ಜನ ಹೋ ಎಂದರು. ತಮ್ಮವಳೇ ಬಂದಳೆಂಬ ಖುಷಿ.

ಆಟ ಮುಗಿಯುವ ಹೊತ್ತಿಗೆ ತಾಜಿಕರಿಗೆ ಒಂದು ಕಾರ್ನರ್ ಕಿಕ್ ಸಿಕ್ಕಿತು. ಗೋಲಿನ ಮುಂದೆ ಹುಡುಗಿಯರು ಒಬ್ಬರ ಮೇಲೊಬ್ಬರು ಜಿಗಿದರು. ಮಂಗೋಲಿಯಾದ ಸಣ್ಣ ಹುಡುಗಿಯೊಬ್ಬಳ ಕೈ ಮೇಲೆ ಹೋಯಿತು, ಚೆಂಡು ಬೆರಳಿಗೆ ತಾಗಿ ದಿಕ್ಕು ಬದಲಿಸಿತು. ಗೆರೆಯಾಚೆಯ ಸಹಾಯಕ ರೆಫರಿಗೆ ಅದು ಕಾಣುವಂತಿರಲಿಲ್ಲ, ನಡುವೆ ಅಷ್ಟು ಜನ. ತಾಜಿಕ್ ಹುಡುಗಿಯರೂ ಪೆನಾಲ್ಟಿ ಕೇಳಲಿಲ್ಲ. ಉಮ್ಸುನಾಯ್ ಸುಮ್ಮನೆ ಓಡಿದ್ದರೆ ಆಟ ಮುಂದುವರಿಯುತ್ತಿತ್ತು, ಅಷ್ಟರಲ್ಲಿ ಮುಗಿದೂ ಹೋಗುತ್ತಿತ್ತು. ಸೀಟಿ ತುಟಿಯಲ್ಲಿತ್ತು. ಊದಿದಳು.

ಕ್ರೀಡಾಂಗಣಕ್ಕೆ ಮೊದಲು ಅರ್ಥವಾಗಲಿಲ್ಲ. ಅವಳ ಕೈ ಪೆನಾಲ್ಟಿ ಚುಕ್ಕೆಯತ್ತ ಚಾಚಿದಾಗ ಅರ್ಥವಾಯಿತು. ಮಂಗೋಲಿಯಾದ ಆ ಹುಡುಗಿ ವಾದಿಸಲಿಲ್ಲ, ತನ್ನ ಬೆರಳುಗಳನ್ನೇ ನೋಡುತ್ತಾ ಅತ್ತಳು. ಗೋಲಾಯಿತು. ಕೊನೆಯ ಸೀಟಿಯ ಮೇಲೆ ತಾಜಿಕ್ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿ ಬಿದ್ದರು, ಮಂಗೋಲಿಯಾದವರು ಒಬ್ಬರ ಹೆಗಲ ಮೇಲೊಬ್ಬರು ಅತ್ತರು, ಗೋಲಿನ ಹಿಂದೆ ನಮ್ಮ ಹುಡುಗಿಯರೂ ಅತ್ತರು. ಉಮ್ಸುನಾಯ್ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನೀರಿನ ಬಾಟಲಿಗಳು ಬೀಳುತ್ತಿದ್ದ ದಾರಿಯಲ್ಲಿ ಒಳಗೆ ನಡೆದಳು. ಕಾಲಿಗೆ ಐಸು ಕಟ್ಟಿಕೊಂಡು ಕೂತಿದ್ದ ವಿಯೆಟ್ನಾಮಿನವಳು ಅವಳ ಕೈ ಹಿಡಿದು ಏನೋ ಹೇಳಿದಳು. ಇಬ್ಬರಿಗೂ ತಿಳಿಯುವ ಭಾಷೆ ಇರಲಿಲ್ಲ.

ಮರುದಿನ ನರಿನ್‌ಗೆ ಹೊರಟ ವ್ಯಾನಿನಲ್ಲಿ ಅದೇ ಮಾತು.

"ನಮ್ಮವಳೇ ಅಂತೆ ಕಣ್ರೀ! ನರಿನ್‌ನೋಳೇ ಅಂತೆ!"

"ಕೈಯಂತೆ, ಕೈ! ಅಷ್ಟು ಜನ ಇದ್ರಲ್ಲ, ಯಾರಿಗ್ ಕಾಣಿಸ್ತು ಆ ಕೈ?"

"ಅವಳ ಗಂಡ ಸುಮ್ನೆ ಬಿಟ್ಟಿದ್ದಾ ಅಂತೀರಾ? ಅವನಲ್ಲೂ ತಪ್ಪು ಹುಡುಕಿರ್ಬೇಕು!"

ವ್ಯಾನೆಲ್ಲ ನಕ್ಕಿತು. ಹಿಂದಿನ ಸೀಟಿನಲ್ಲಿ ಉಮ್ಸುನಾಯ್ ತಲೆವಸ್ತ್ರವನ್ನು ಗಲ್ಲದವರೆಗೆ ಎಳೆದುಕೊಂಡು, ದೊಲೋನ್ ಕಣಿವೆಯ ಏರಿನಲ್ಲಿ ಮೇಯುತ್ತಿದ್ದ ಕುದುರೆಗಳನ್ನು ನೋಡುತ್ತಾ ಕೂತಳು.

ಊರಿನಲ್ಲಿ ಯಾರೂ ಮುಖದ ಮೇಲೆ ಬೈಯಲಿಲ್ಲ. ಅಂಗಡಿಯವಳು ಬ್ರೆಡ್ಡು ಕೊಟ್ಟು ಆಚೆ ತಿರುಗಿಕೊಂಡಳು. ಶುಕ್ರವಾರಗಳಂದು ಸತ್ತವರ ಹೆಸರಿನಲ್ಲಿ ಕರಿದ ಹಿಟ್ಟಿನ ತುಂಡುಗಳನ್ನು ಬೂಬುಸಾರಾ ಬೀದಿಗೆಲ್ಲ ಹಂಚುತ್ತಿದ್ದಳು. ಈಗ ಎಣ್ಣೆಯ ಘಮ ಮಾತ್ರ ಗೋಡೆ ದಾಟಿ ಬಂತು, ತಟ್ಟೆ ಬರಲಿಲ್ಲ. ಅಕ್ಮಾರಲ್ ಊರಿಗೆ ಬಂದಿದ್ದಾಳೆಂಬುದು ಗೋಡೆಯ ಮೇಲೆ ಒಣಗುತ್ತಿದ್ದ ಬಟ್ಟೆಯಿಂದ ತಿಳಿಯಿತು. ಗೋಡೆಗೆ ಚೆಂಡು ಬಡಿಯಲಿಲ್ಲ.

ಒಂದು ಮುಂಜಾನೆ ಬೀದಿ ನಲ್ಲಿಯ ಹತ್ತಿರ ಅವರಿಬ್ಬರೇ ಎದುರಾದರು.

"ಎಜೆ, ಒಂದು ಕೇಳ್ಲಾ?"

"ಕೇಳು."

"ನಿಜವಾಗ್ಲೂ ಕೈಗೆ ತಾಗಿತ್ತಾ?"

"ತಾಗಿತ್ತು."

ಅಕ್ಮಾರಲ್ ಬಕೆಟ್ಟನ್ನೇ ನೋಡುತ್ತಾ ನಿಂತಳು. "ನನಗೂ ಕಾಣಿಸ್ತು. ನಿಮಗೆ ಮಾತ್ರ ಕಾಣಿಸ್ದೇ ಇರ್ಲಿ ದೇವ್ರೇ ಅಂತ ಬೇಡ್ಕೊಂಡೆ."

ಉಮ್ಸುನಾಯ್ ವಾಲಿದ ಬಕೆಟ್ಟನ್ನು ನಲ್ಲಿಯ ಕೆಳಗೆ ನೆಟ್ಟಗೆ ಇಟ್ಟಳು.

"ಟೀಮಲ್ಲಿ ಎಲ್ಲಾರೂ ಕೈಗೆ ತಾಗ್ಲೇ ಇಲ್ಲ ಅಂದ್ರು. ನಾನೂ ಹೂಂ ಅಂದೆ. ಅಜ್ಜಿಗೂ ಹಾಗೇ ಹೇಳ್ದೆ. ಈಗ ಬೇರೆ ಹೇಳೋಕೆ ಧೈರ್ಯ ಬರ್ತಿಲ್ಲ, ಎಜೆ."

"ಹೇಳ್ಬೇಡ ಬಿಡು. ನೀನು ಅವರ ಜೊತೆ ಆಡ್ಬೇಕು, ಈ ಬೀದೀಲಿ ಓಡಾಡ್ಬೇಕು."

"ನೀವೂ ಓಡಾಡ್ಬೇಕಲ್ಲ?"

"ಬಕೆಟ್ ತುಂಬ್ತು ನೋಡು, ತೆಗಿ."

ಹುಡುಗಿ ಬಕೆಟ್ ಎತ್ತಿಕೊಂಡು, ಎರಡು ಸಲ ತಿರುಗಿ ನೋಡಿ ಹೋದಳು. ಬೆಳಕು ಹರಿದು ಯಾರಾದರೂ ಕಂಡಾರೆಂದು ಅವಸರ. ಶಾಲೆ ತೆರೆಯುವ ಹೊತ್ತಿಗೆ ಅವಳು ಬಿಷ್ಕೆಕ್‌ನ ಕ್ರೀಡಾಶಾಲೆ ಸೇರಿದಳು.

ಶರತ್ಕಾಲದಲ್ಲಿ ಎರಡು ಹಳ್ಳಿಗಳ ನಡುವೆ ಜಿಲ್ಲೆಯ ಅಂತಿಮ ಪಂದ್ಯ ಬಂತು. ಹಳೆಯ ಜಗಳದ ಹಳ್ಳಿಗಳು. ಬೇರೆ ಯಾರ ಹೆಸರು ಎತ್ತಿದರೂ ಒಬ್ಬರಿಗೆ ಆದರೆ ಇನ್ನೊಬ್ಬರಿಗೆ ಆಗಲಿಲ್ಲ. ಕಡೆಗೆ ಎರಡೂ ಕಡೆಯವರು ಗೊಣಗುತ್ತಲೇ ಉಮ್ಸುನಾಯ್‌ಳ ಮನೆಗೆ ಬಂದರು. "ಸ್ವಂತ ಊರಿನವರನ್ನೇ ಬಿಡದೋಳು ನೀನು, ನಮ್ಮನ್ನೆಲ್ಲಿ ಬಿಡ್ತೀಯಾ," ಎಂದ ಒಬ್ಬ. ಹೊಗಳಿದನೋ ಬೈದನೋ ಅವನಿಗೇ ಗೊತ್ತಿರಲಿಲ್ಲ. ಅವಳು ಒಪ್ಪಿಕೊಂಡಳು.

ಪಂದ್ಯ ತಂಟೆಯಿಲ್ಲದೆ ಮುಗಿಯಿತು. ಗೆದ್ದವರು ನದಿಯ ದಡದಲ್ಲಿ ಮಾಂಸದ ಕಡಾಯಿ ಒಲೆಗಿಟ್ಟರು, ಸೋತವರು ಲಾರಿ ಹತ್ತಿ ಹಾಡು ಹೇಳುತ್ತಾ ಹೋದರು. ಉಮ್ಸುನಾಯ್ ಮೈದಾನದ ನಾಲ್ಕು ಮೂಲೆಗಳಿಗೂ ನಡೆದು ಬಾವುಟಗಳನ್ನು ಕಿತ್ತು ಕಟ್ಟಿಟ್ಟಳು. ಚೀಲದಿಂದ ಬ್ರೆಡ್ಡು ತೆಗೆದು ಅಲ್ಲೇ ಕೂತು ತಿಂದಳು. ಆಮೇಲೆ ಕಣಿವೆಯಿಂದ ಬೀಸುತ್ತಿದ್ದ ಗಾಳಿಗೆ ಎದುರಾಗಿ ಮನೆಯ ಕಡೆ ಹೊರಟಳು.